ತೊಟ್ಟಿಲಿಂದ ಎತ್ತಿದ ಕೌದಿ

ಕೃಷ್ಣೆಯ ಮೇಲಿನ ಮಂಜು ಇನ್ನೂ ಸರಿದಿಲ್ಲ. ಜಮಖಂಡಿ ಕಡೆಯ ಆ ನಡುಗಡ್ಡೆಯ ಶಾಲೆಯ ಕಟ್ಟೆಯ ಮೇಲೆ ಅನ್ನವ್ವ ಹಳೆ ಸೀರೆ ಹಾಸಿ, ಬಣ್ಣಬಣ್ಣದ ಬಟ್ಟೆ ತುಂಡು ಜೋಡಿಸುತ್ತಿದ್ದಾರೆ. ಗಂಟೆ ಹೊಡೆಯುವ ಮುಂಚೆಯೇ ಹುಡುಗಿಯರು ಸೂಜಿ ಹಿಡಿದು ಸುತ್ತ ಕೂರುತ್ತಾರೆ.

"ಸೂಜಿ ಓಡಸಬ್ಯಾಡ್ರಿ ಬೇ, ನಡಸ್ರಿ."

ಅರವತ್ತು ದಾಟಿದ ಅನ್ನವ್ವ ಕೌದಿ ಹೊಲಿಯುವುದನ್ನು ಅತ್ತೆಯಿಂದ ಕಲಿತವರು. ದೋಣಿಯೇ ಗತಿಯಾದ ಈ ಊರಿಗೆ ಡ್ರಾಯಿಂಗ್ ಮಾಸ್ತರರು ಬಂದದ್ದೇ ಇಲ್ಲ. ಮಕ್ಕಳಿಗೆ ಬಣ್ಣ ಹೊಂದಿಸಲು ಕಲಿಸಿದವರು ಇವರೇ. ಹೊಗಳಿದರೆ ಮಾತ್ರ ತಲೆ ತಗ್ಗಿಸುತ್ತಾರೆ. "ನನ್ನ ಸುದ್ದಿ ಬರದ್ರ ಅದನ್ನೂ ಬರೀರಿ," ಎಂದು ಕಳೆದ ಮಳೆಗಾಲದ ಮಾತು ತೆಗೆಯುತ್ತಾರೆ.

ಹೊಳೆ ಏರಿ ಊರವರೆಲ್ಲ ಆಚೆ ದಂಡೆಯ ಗಂಜಿ ಕೇಂದ್ರ ಸೇರಿದ್ದರು. ನೆರೆಮನೆಯ ಕಾಂಚನಾ ಹಸಿ ಬಾಣಂತಿ. ಹುಡುಗಿಯರು ಮನೆಗೊಂದು ತುಂಡು ಬೇಡಿ ತಂದು ಹೊಲಿದ ಕೌದಿ, ಸೀರೆಯ ತೊಟ್ಟಿಲಲ್ಲಿ ಅವಳ ಕೂಸಿನ ಮೇಲಿತ್ತು. ಆಗಲೇ ದೊಡ್ಡ ಸಾಹೇಬರೊಬ್ಬರು ಬಂದರು. ಹೊದಿಸಲು ಶಾಲಿರಲಿಲ್ಲ. ಊರ ಹಿರಿಯ ಗಿರಿಮಲ್ಲಪ್ಪ, "ಅನ್ನವ್ವ, ಒಂದ ಕೌದಿ ಹೊಚ್ಚೂನು, ನಿನ್ನ ಹೆಸರೂ ಆಕ್ಕೈತಿ," ಅಂದರು.

ಅನ್ನವ್ವ ಸೀದಾ ಹೋಗಿ, ಮಲಗಿದ್ದ ಕೂಸಿನ ಮೇಲಿಂದ ಕೌದಿ ಎತ್ತಿದರು. ಚಪ್ಪಾಳೆ ಬಿತ್ತು, ಫೋಟೋ ಆಯಿತು, ಸಾಹೇಬರ ಕಾರಿನೊಡನೆ ಕೌದಿಯೂ ಹೋಯಿತು. ಸಂಜೆ ಕಾಂಚನಾ ಅರೆ ಒಣಗಿದ ಸೆರಗಿನಲ್ಲೇ ಕೂಸನ್ನು ಸುತ್ತಿಕೊಂಡು ಕೂತಿದ್ದಳು.

"ಹೊಗಳಿಕಿ ಆಸೇಕ ಕೂಸಿನ ಹೊದಿಕಿ ಕಸಗೊಂಡಾಕಿ ನಾ. ಹುಡುಗ್ಯಾರ ಮಾರಿ ನೋಡಾಕ ಆಗಲಿಲ್ರೀ."

ನೀರಿಳಿದ ಮೇಲೆ ಅನ್ನವ್ವ ತಮ್ಮ ಮದುವೆಯ ಇಳಕಲ್ ಸೀರೆ ಕತ್ತರಿಸಿದರು. ಒಬ್ಬರೇ ಕೂತು ಬೇರೆ ಕೌದಿ ಹೊಲಿದು ಒಯ್ದರು. ಕಾಂಚನಾ ತಗೊಂಡಳು. ಆದರೆ ಅಂದಳು: "ಕೇಳಿದ್ದಿ ಅಂದ್ರ ನಾನ ಕೊಡ್ತಿದ್ನಿ ಆಯಿ. ನೀ ಕೇಳಲಿಲ್ಲ."

ಬೈದಿದ್ದರೆ ಹಗುರಾಗುತ್ತಿತ್ತೇನೋ. ಈ ಮಾತನ್ನು ಅನ್ನವ್ವ ಇವತ್ತಿಗೂ ಮರೆತಿಲ್ಲ. ಕೆಲ ದಿನ ಕಳೆದು ಕಾಂಚನಾ ಕೂಸನ್ನು ಕಂಕುಳಲ್ಲಿಟ್ಟುಕೊಂಡು ಕಟ್ಟೆಗೆ ಬಂದಳು, ಹುಡುಗಿಯರ ಸಾಲಿನಲ್ಲಿ ಕೂತಳು. ಕ್ಷಮಿಸಿದಳೋ ಇಲ್ಲವೋ, ಇವರು ಕೇಳಿಲ್ಲ. ಪಕ್ಕಕ್ಕೆ ಸರಿದು ಜಾಗ ಮಾಡಿದರು.

ಇನ್ನೇನು ಆಸೆಯಿದೆ ಎಂದರೆ ಅನ್ನವ್ವ ಸೂಜಿಯಿಂದ ಕಣ್ಣೆತ್ತುವುದಿಲ್ಲ.

"ಆ ಕೂಸು ಕೌದಿ ಮ್ಯಾಲ ಉಚ್ಚಿ ಹೊಯ್ಲಿ, ಹೊಳ್ಳಾಡ್ಲಿ, ಎಳದಾಡಿ ಹರೀಲಿ. ಹರದಾಗ ತ್ಯಾಪಿ ಹಚ್ಚಾಕ ಈ ಹುಡುಗ್ಯಾರು ಕಲ್ತಿರಬೇಕು. ಅಷ್ಟ ಸಾಕ್ರಿ."