ಪಂಕ್ತಿ ಏಳುವ ಹೊತ್ತು

ಕಳೆದ ವರ್ಷ ಮಾರ್ಚ್ ಎರಡನೆಯ ವಾರ ನನ್ನ ಗಂಟಲಿಗೆ ಕೊನೆಯ ರೇಡಿಯೇಷನ್ ಕೊಟ್ಟರು. ಕ್ಯಾನ್ಸರ್ ಹೋಗಿದೆ ಎಂದು ಡಾಕ್ಟರು ಹೇಳಿದ ದಿನ ನನಗೆ ಒಂದು ಚಮಚ ನೀರನ್ನೂ ನುಂಗಲು ಆಗುತ್ತಿರಲಿಲ್ಲ.

ತಪ್ಪು ನಮ್ಮದೇ. ಮೂಗಿನಲ್ಲಿ ಪೈಪು ಇದ್ದರೂ ದಿನಕ್ಕೆ ನಾಲ್ಕು ಸಲ ಬಾಯಿಂದ ಏನಾದರೂ ನುಂಗಿ, ಬಿಟ್ಟರೆ ಗಂಟಲಿನ ಸ್ನಾಯುಗಳು ಕೆಲಸ ಮರೆಯುತ್ತವೆ ಎಂದು ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ನುಂಗುವ ವ್ಯಾಯಾಮ ಕಲಿಸಿದ ಥೆರಪಿಸ್ಟ್ ಮೊದಲೇ ಎಚ್ಚರಿಸಿದ್ದರು. ಯಲ್ಲಾಪುರದ ಮನೆಯಲ್ಲಿ ಎಲ್ಲರೂ ಗಂಟಲಿಗೆ ವಿಶ್ರಾಂತಿ ಬೇಕೆಂದರು. ನುಂಗಿದರೆ ಉರಿಯುತ್ತಿತ್ತು, ನಾನೂ ಒಪ್ಪಿದೆ. ರೇಡಿಯೇಷನ್ ನಡೆದ ಏಳು ವಾರವೂ ಎಲ್ಲ ಪೈಪಿನಲ್ಲೇ ಇಳಿಯಿತು.

ಜೂನ್‌ನಲ್ಲಿ ಹೆಗ್ಗರಣೆಯ ನೆಂಟರ ಮನೆಯಲ್ಲಿ ಪೂಜೆ. ಊಟದ ಪಂಕ್ತಿಯಲ್ಲಿ ನನ್ನ ಮುಂದೆ ಬಾಳೆಎಲೆ ಹಾಕಲು ಬಂದವರನ್ನು ಹೆಂಡತಿಯ ಅಣ್ಣ ತಡೆದ. ಅವನಿಗೆ ನಾನು ಭಾವ, ನನಗೆ ಅವನೂ ಭಾವ.

"ಅಲ್ಲಿ ಬಾಳೆ ದಂಡ ಮಾರಾಯಾ. ಭಾವಂದು ಈಗ ಮೂಗಿನ ಊಟ."

ನಾನು ಎದ್ದು ಜಗಲಿಗೆ ಹೋದೆ. ನಕ್ಕವರು ಹನ್ನೊಂದು ಜನ. ಹೆಸರುಗಳು ನನ್ನ ಬಳಿ ಇವೆ.

ಮರುದಿನ ವ್ಯಾಯಾಮ ಶುರುಮಾಡಿದೆ. ನಾಲಿಗೆಯ ತುದಿಯನ್ನು ಹಲ್ಲಿನಲ್ಲಿ ಹಿಡಿದು ಎಂಜಲು ನುಂಗುವುದು. ಅಂಗಾತ ಮಲಗಿ, ತಲೆಯನ್ನಷ್ಟೇ ಎತ್ತಿ ಕಾಲಬೆರಳು ನೋಡುವುದು. ಪ್ರತಿ ಸಲವೂ ಭಾವನ ಮುಖ ನೆನೆದೆ. ಬೇಸರ ಬರಲಿಲ್ಲ. ಅಕ್ಟೋಬರ್‌ನಲ್ಲಿ ಪೈಪು ತೆಗೆದರು. ಮೆತ್ತಗಿನ ಅನ್ನ, ಗಟ್ಟಿ ಮೊಸರು ಆಗಬಹುದು. ಗದ್ದ ಕೆಳಗಿಳಿಸಿ ಒಂದೊಂದು ತುತ್ತನ್ನೂ ಎರಡೆರಡು ಸಲ ನುಂಗಿ ಎಂದರು ಥೆರಪಿಸ್ಟ್.

ಡಿಸೆಂಬರ್‌ನಲ್ಲಿ ತ್ಯಾಗಲಿಯಲ್ಲಿ ಇನ್ನೊಂದು ಊಟ. ಭಾವನ ಎದುರಿನ ಸಾಲಿನಲ್ಲೇ ಕೂತೆ. ನಮ್ಮಲ್ಲಿ ಕೊನೆಯವನ ಊಟ ಮುಗಿಯದೆ ಪಂಕ್ತಿ ಏಳುವುದಿಲ್ಲ. ಉಳಿದವರೆಲ್ಲ ಮಜ್ಜಿಗೆ ಅನ್ನ ಮುಗಿಸಿದಾಗ ನಾನು ಒಂಬತ್ತನೇ ತುತ್ತಿನಲ್ಲಿದ್ದೆ. ಅವರ ಎಂಜಲು ಕೈ ಒಣಗಿತು. ಎರಡನೇ ಪಂಕ್ತಿಯವರು ಅಂಗಳದಲ್ಲಿ ಹಸಿದು ನಿಂತಿದ್ದರು. ಭಾವನಿಗೆ ಮಂಡಿನೋವು, ಕಾಲು ಮಡಚಿ ಬಹಳ ಹೊತ್ತು ಕೂರಲಾರ.

"ಇನ್ನೂ ಎಷ್ಟೊತ್ತು ಭಾವ?"

"ಆನು ನಿಧಾನ ಉಣ್ತೆ. ನೀ ಕೂತ್ಗ."

ಯಾರೂ ನಗಲಿಲ್ಲ. ಒಂದು ಗಂಟೆ ಐದು ನಿಮಿಷ ಹಿಡಿಯಿತು. ಅದರಲ್ಲಿ ಕೊನೆಯ ಕಾಲು ಗಂಟೆ ನನ್ನ ಗಂಟಲಿಗೆ ಬೇಕಿರಲಿಲ್ಲ.

ಹೋದ ಸೋಮವಾರ ಹುಬ್ಬಳ್ಳಿಯಲ್ಲಿ ಎಕ್ಸ್‌ರೇ ಮುಂದೆ ನುಂಗಿಸಿ ನೋಡಿದರು. ಗಂಜಿ ಅನ್ನನಾಳಕ್ಕೇ ಇಳಿಯುತ್ತಿದೆ. ನೀರು ಮಾತ್ರ ಇನ್ನೂ ಸ್ವಲ್ಪ ಶ್ವಾಸನಾಳಕ್ಕೆ ಹೋಗುತ್ತದೆ.