ಗೆಳೆಯನಿಗೆ ಸಿಕ್ಕ ನನ್ನ ಶಿಕ್ಷೆ

ಇಂಡಿ ಊರಿನ ಶಾಲೆಯಲ್ಲಿ ಮಾಸ್ತರರಾಗಿದ್ದಾಗ ನಾನೂ ನನ್ನ ಗೆಳೆಯನೂ ಸೇರಿ ಒಂದು ಪತ್ತೇದಾರಿ ಕಾದಂಬರಿ ಬರೆದೆವು. ಒಂದು ಅಧ್ಯಾಯ ಅವನದು, ಮುಂದಿನದು ನನ್ನದು. ಕಥೆಯ ಕೊಲೆಗಾರ ತಾಲೂಕಿನ ಪುಢಾರಿ. ಸರಕಾರಿ ಜೋಳ ಕದ್ದು ಮಾರಿದ್ದನ್ನು ಕಂಡ ಕಾರಕೂನನನ್ನು ಕೊಂದವನು. ಅವನ ಗುಟ್ಟು ಬಯಲಾಗುವ ಕೊನೆಯ ಅಧ್ಯಾಯ ನನ್ನದು.

ಗೆಳೆಯನ ಅಕ್ಷರ ದುಂಡಗಿದ್ದುದರಿಂದ ಮುದ್ರಣಕ್ಕೆ ಶುದ್ಧಪ್ರತಿ ಮಾಡಿದವನು ಅವನೇ. ಪುಸ್ತಕದ ಮೇಲೆ ನಮ್ಮ ಹೆಸರು ಹಾಕಿರಲಿಲ್ಲ. ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸುವವನು ಆ ಪ್ರತಿ ನೋಡಿ, ಇಡೀ ಪುಸ್ತಕ ಅವನೊಬ್ಬನೇ ಬರೆದದ್ದೆಂದು ಊರಿಗೆಲ್ಲ ಸಾರಿದ. ಪಕ್ಕದೂರು ಝಳಕಿಯ ಚಹಾದಂಗಡಿಯಲ್ಲೂ ಜನ ಅವನನ್ನೇ ನಿಲ್ಲಿಸಿ, "ಕಡೀ ಅಧ್ಯಾಯ ಭಾರಿ ಬರದೀರಿ ಮಾಸ್ತರ!" ಎನ್ನುತ್ತಿದ್ದರು.

"ಇಬ್ರೂ ಕೂಡಿ ಬರದೇವ್ರಿ," ಎನ್ನುತ್ತಿದ್ದ ಅವನು. ಆ ವಿನಯ ಕಂಡರೇ ನನಗೆ ಮೈಯೆಲ್ಲ ಉರಿಯುತ್ತಿತ್ತು.

ನಮ್ಮೂರಿನ ನಿಜವಾದ ಪುಢಾರಿಯೊಬ್ಬನಿಗೆ ಅದು ತನ್ನದೇ ಕಥೆ ಅನ್ನಿಸಿತು. ಗೆಳೆಯನನ್ನು ಮುದ್ದೇಬಿಹಾಳದಾಚೆಯ ಹಳ್ಳಿಗೆ ವರ್ಗ ಮಾಡಿಸಿದ. ಬೀಳ್ಕೊಡಲು ಬಸ್ಸಿನ ಸುತ್ತ ಜನವೋ ಜನ. ಅವನ ಕೊರಳಿನಲ್ಲಿ ಹಾರಗಳ ರಾಶಿ.

"ಕಡೀ ಅಧ್ಯಾಯ ನಿಂದಂತ ನೀ ಬಾಯಿ ಬಿಡಬ್ಯಾಡ. ನಿನಗ ಸಣ್ಣ ಮಕ್ಕಳದಾವು," ಎಂದು ಅವನು ನನ್ನ ಕಿವಿಯಲ್ಲಿ ಹೇಳಿದ.

ನನ್ನ ಕಣ್ಣಲ್ಲಿ ನೀರು ಬಂತು. ಅಗಲಿಕೆಯ ದುಃಖವೆಂದು ಅವನು ನನ್ನನ್ನು ಅಪ್ಪಿಕೊಂಡ. ನಾನೇ ಬರೆದು ಗಳಿಸಿದ ಶಿಕ್ಷೆಯನ್ನೂ ಅವನೇ ಹೊಡೆದುಕೊಂಡು ಹೋಗುತ್ತಿದ್ದನಲ್ಲ!