ಗಾಳಕ್ಕೆ ಕಟ್ಟಿದ ಮೀನು

ಶನಿವಾರ ಬಂತೆಂದರೆ ಮಕ್ಕಳನ್ನು ಶಾಲೆಯ ಹಿಂದಿನ ಕೆರೆಗೆ ಮೀನು ಹಿಡಿಯಲು ಕರೆದೊಯ್ಯುತ್ತಿದ್ದ ಗಣಿತದ ಮೇಡಂಗೆ ಉಳಿದ ಶಿಕ್ಷಕರು ಗಾಳದಮ್ಮ ಎಂದು ಹೆಸರಿಟ್ಟಿದ್ದರು. ಇಟ್ಟುಕೊಳ್ಳಲಿ, ಮೂಗು ಮುರಿಯುವವರಿಗೆ ಬೇರೆ ಕೆಲಸವೇನು! ದಾರದ ಮೇಲೆ ಬೆಂಡನ್ನು ಸರಿಸಿ ಸರಿಸಿ ಮಕ್ಕಳು ಕೆರೆಯ ಆಳ ಅಳೆಯುತ್ತಿದ್ದರು. ಬೆಂಡು ತೇಲಿ ಸೀಸದ ಗುಂಡು ಮುಳುಗುವುದೇಕೆಂದು ಅಲ್ಲೇ ಜಗಳಕ್ಕೆ ಬೀಳುತ್ತಿದ್ದರು. ಎರೆಹುಳುವಿಗೆ ಕಣ್ಣಿಲ್ಲವೆಂದು ತಾವೇ ಹುಡುಕಿಕೊಂಡಿದ್ದರು. ತರಗತಿಯಲ್ಲಿ ತುಟಿ ಎರಡು ಮಾಡದ ಒಬ್ಬ ಹುಡುಗಿಯಂತೂ ನೀರಿನ ಪಕ್ಕ ಕೂತರೆ ಪ್ರಶ್ನೆ ಕೇಳಿ ಕೇಳಿ ತಲೆ ತಿನ್ನುತ್ತಿದ್ದಳು. ಮೇಡಂಗೆ ಅದಕ್ಕಿಂತ ದೊಡ್ಡ ಮೀನು ಬೇಕಿರಲಿಲ್ಲ.

ಇದನ್ನು ನೋಡಲು ಇಲಾಖೆಯ ಸಾಹೇಬರು ಬರುತ್ತಾರೆಂದು ಗೊತ್ತಾದದ್ದೇ ತಡ, ಹೆಡ್ಮಾಸ್ಟರಿಗೆ ಚಿಂತೆ ಹತ್ತಿತು. ಸಾಹೇಬರೆದುರು ಒಂದು ಮೀನೂ ಬೀಳದಿದ್ದರೆ ಶಾಲೆಯ ಮಾನ ಏನಾಗಬೇಕು? ಮಾರ್ಕೆಟ್ಟಿನಿಂದ ಐಸಿನಲ್ಲಿಟ್ಟ ಮೀನು ತರಿಸಿ, ಮೇಡಂಗೂ ಹೇಳದೆ, ದಂಡೆಯಲ್ಲಿ ನೆಟ್ಟಿದ್ದ ಗಾಳಗಳಿಗೆ ಕಟ್ಟಿಸಿ, ಸಾಹೇಬರು ಬರುವ ತುಸು ಮುಂಚೆ ನೀರಿಗೆ ಇಳಿಬಿಡಿಸಿದರು.

ಸಾಹೇಬರು ಬಂದರು. ಆ ಹುಡುಗಿಯ ಕೋಲಿನಲ್ಲೇ ಎಲ್ಲಕ್ಕಿಂತ ದಪ್ಪ ಮೀನು ಮೇಲೆದ್ದಿತು. ಚಪ್ಪಾಳೆ ತಟ್ಟಿದ ಸಾಹೇಬರು, ಹೇಗೆ ಹಿಡಿದೆ ಎಂದು ಕೇಳಿದರು. ಅವಳು ಮೀನನ್ನು ಮುಟ್ಟಿ ನೋಡಿದಳು.

"ಹಿಡಿದಿಲ್ಲ ಸಾರ್. ಬೆಂಡು ಅಲ್ಲಾಡ್ಲೇ ಇಲ್ಲ. ಕೆರೆ ನೀರು ಬೆಚ್ಚಗಿದೆ, ಇದು ಐಸ್ ಥರ ತಣ್ಣಗಿದೆ."

ಈ ಹುಡುಗಿಗೆ ಸುಳ್ಳು ಹೇಳುವ ಚಾಳಿ ಇದೆ ಸಾರ್ ಎಂದುಬಿಟ್ಟರು ಹೆಡ್ಮಾಸ್ಟರು, ಎಲ್ಲ ಮಕ್ಕಳ ಮುಂದೆ. ಮೇಡಂ ಮೈಯೆಲ್ಲ ಉರಿದುಹೋಯಿತು. ಮಗು ಹೇಳಿದ್ದೇ ನಿಜ, ಬೇಕಾದರೆ ಗಂಟು ನೋಡಿ ಎಂದು ದಾರವನ್ನು ಸಾಹೇಬರ ಮುಖಕ್ಕೇ ಹಿಡಿದರು. ಪುಣ್ಯಾತ್ಮರು ಗಡಿಯಾರ ನೋಡಿಕೊಂಡು ಕಾರು ಹತ್ತಿದರು. ಸೋಮವಾರವೇ ಕೆರೆಯ ಪಾಠಕ್ಕೆ ಎಳ್ಳುನೀರು ಬಿಟ್ಟಾಯಿತು.

ಮುಂದಿನ ಶನಿವಾರ ತರಗತಿಯಲ್ಲೇ ಲೆಕ್ಕ. ಮೇಡಂ ಬೇಕೆಂದೇ ಸುಲಭದ ಪ್ರಶ್ನೆಯನ್ನು ಆ ಹುಡುಗಿಗೆ ಕೇಳಿದರು, ಬೆಂಡು ಯಾಕೆ ತೇಲುತ್ತದೆ ಎಂದು. ಅವಳು ಎದ್ದು ನಿಂತು, ಬಾಗಿಲ ಕಡೆಗೊಮ್ಮೆ ನೋಡಿ, ಗೊತ್ತಿಲ್ಲ ಎಂದಳು.

ಅಯ್ಯೋ, ಗೊತ್ತಿಲ್ಲವಂತೆ! ಮೇಡಂ ಕೈಯಲ್ಲಿದ್ದ ಸೀಮೆಸುಣ್ಣ ಮೇಜಿನ ಮೇಲೆ ಕುಕ್ಕಿ ನೇರ ಹೆಡ್ಮಾಸ್ಟರ ಕೋಣೆಗೆ ನುಗ್ಗಿದರು.

"ಕೆರೆ ಬೇಡ ಅಂದ್ರಿ, ಹಾಳಾಗ್ಲಿ. ಆದ್ರೆ ಆ ಮಗು ಸುಳ್ಳು ಹೇಳ್ಲಿಲ್ಲ ಅಂತ ನೀವೇ ತರಗತಿಗೆ ಬಂದು ಹೇಳ್ಬೇಕು. ಎಲ್ಲರ ಮುಂದೆ. ಅಲ್ಲಿವರೆಗೆ ನಾನು ಇಲ್ಲಿಂದ ಕದಲಲ್ಲ."

ಮಕ್ಕಳು ಗಲಾಟೆ ಮಾಡುತ್ತಿದ್ದಾರೆ, ಹೋಗಿ ಪಾಠ ಮಾಡಿ ಎಂದರು ಹೆಡ್ಮಾಸ್ಟರು. ಮೇಡಂ ಕುರ್ಚಿ ಎಳೆದುಕೊಂಡು ಅವರೆದುರಿಗೇ ಕೂತರು.